ಕಣಿವೆ ಬಿಟ್ಟವರ ಲೆಕ್ಕ

ಬರ ಬಿದ್ದಾಗ ಊರು ಬಿಟ್ಟು ಹೋದವರ ಸುದ್ದಿ ನಮ್ಮ ಕಡೆ ಮನೆಗೊಂದು ಸಿಗುತ್ತದೆ. ಆದರೆ ಒಬ್ಬರೂ ಉಳಿಯದಂತೆ ಒಂದು ಸೀಮೆಯೇ ಖಾಲಿಯಾದರೆ, ಅದಕ್ಕೆ ಬರವೊಂದೇ ಕಾರಣವೇನು? ಈ ಪ್ರಶ್ನೆಯನ್ನು ಕೆಲವು ಸಂಶೋಧಕರು ಕಂಪ್ಯೂಟರಿನಲ್ಲಿ ಒರೆಗೆ ಹಚ್ಚಿ ನೋಡಿದರು.

ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿ ಲಾಂಗ್ ಹೌಸ್ ಎಂಬ ಕಣಿವೆ ಇದೆ. ಮಳೆ ಕಡಿಮೆ. ಇಂದಿನ ಪ್ಯೂಬ್ಲೋ ಜನರ ಹಿರೀಕರು ಅಲ್ಲಿ ನೂರಾರು ವರ್ಷ ಗೋವಿನಜೋಳ ಬೆಳೆದು ಬಾಳಿದರು. ಕ್ರಿ.ಶ. 1300ರ ಹೊತ್ತಿಗೆ ಕಣಿವೆ ಬರಿದಾಯಿತು. 1276ರಿಂದ 1299ರವರೆಗೆ ಆ ಸೀಮೆಯಲ್ಲಿ ದೊಡ್ಡ ಬರವಿತ್ತೆಂದು ಹಳೆಯ ಮರಗಳ ಉಂಗುರಗಳು ಹೇಳುತ್ತವೆ. ಮಳೆ ಚಲೋ ಆದ ವರ್ಷದ ಉಂಗುರ ಅಗಲ, ಬರದ ವರ್ಷದ್ದು ಸಣ್ಣ.

ರಾಬರ್ಟ್ ಆಕ್ಸ್‌ಟೆಲ್, ಜೋಶುವಾ ಎಪ್‌ಸ್ಟೀನ್, ಪುರಾತತ್ವ ಬಲ್ಲ ಜೆಫ್ರಿ ಡೀನ್ ಮೊದಲಾದವರು ಇಡೀ ಕಣಿವೆಯನ್ನು ಕಂಪ್ಯೂಟರಿನಲ್ಲಿ ಒಂದೊಂದು ಹೆಕ್ಟೇರಿನ ಚೌಕಗಳಾಗಿ ಹಾಸಿದರು. ಕ್ರಿ.ಶ. 800ರಿಂದ ವರ್ಷವರ್ಷದ ಇಳುವರಿಯ ಅಂದಾಜು ತುಂಬಿದರು. ಆಮೇಲೆ ಅದರಲ್ಲಿ ಒಕ್ಕಲು ಕೂಡಿಸಿದರು. ಇಲ್ಲಿ ಒಕ್ಕಲು ಅಂದರೆ ನಾಲ್ಕಾರು ನಿಯಮ ಪಾಲಿಸುವ ಒಂದು ಸಣ್ಣ ಪ್ರೋಗ್ರಾಮು, ಅಷ್ಟೇ. ಮನೆಗೆ ಐದು ಮಂದಿ. ತಲೆಗೆ ವರ್ಷಕ್ಕೆ 160 ಕಿಲೋ ಜೋಳ. ಸುಗ್ಗಿ ಮುಗಿದ ಮೇಲೆ ಹಗೇವು ನೋಡಿಕೊಳ್ಳಬೇಕು. ಮುಂದಿನ ವರ್ಷಕ್ಕೆ ಸಾಲದೆಂದರೆ ಬೇರೆ ಹೊಲ ಹುಡುಕಬೇಕು. ಎಲ್ಲೂ ಸಿಗದಿದ್ದರೆ ಕಣಿವೆ ಬಿಡಬೇಕು. ಹೀಂಗ ಮಾಡ್ರಿ ಅಂತ ಹೇಳುವ ಗೌಡನಾಗಲಿ ರಾಜನಾಗಲಿ ಅಲ್ಲಿಲ್ಲ. ಪ್ರತಿ ಮನೆಯೂ ತನ್ನ ಪಾಡು ತಾನೇ ನೋಡಿಕೊಳ್ಳುತ್ತದೆ.

2002ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಗಮನಿಸುವಂಥದ್ದು. ಲೆಕ್ಕದ ಕಣಿವೆಯ ಜನಸಂಖ್ಯೆಯ ಏರಿಳಿತ, ನೆಲದಲ್ಲಿ ಸಿಕ್ಕ ಮನೆಗಳ ಕುರುಹಿಗೆ ಬಹುಮಟ್ಟಿಗೆ ತಾಳೆಯಾಯಿತು. ಕೊನೆಯ ಕುಸಿತವೂ ಕಂಡಿತು. ತಾಳೆಯಾಗದ್ದು ಒಂದೇ. 1300 ದಾಟಿದ ಮೇಲೂ ಲೆಕ್ಕದ ಕಣಿವೆಯಲ್ಲಿ ಕೆಲವು ಒಕ್ಕಲು ಉಳಿದವು. ಅಷ್ಟು ಮಂದಿಗೆ ಆ ಭೂಮಿ ಅನ್ನ ಕೊಡುತ್ತಿತ್ತು. ನಿಜದ ಕಣಿವೆಯಲ್ಲಿ ಮಾತ್ರ ಯಾರೂ ಉಳಿಯಲಿಲ್ಲ.

ಈ ವ್ಯತ್ಯಾಸದಿಂದಲೇ ನಮಗೆ ಲಾಭ. ಬಹಳ ಮಂದಿಯನ್ನು ಬರ ಹೊರಡಿಸಿತು ಅನ್ನಬಹುದು. ಕಡೆಗೆ ಉಳಿದವರು ಹೋದದ್ದಕ್ಕೆ ಸಾಮಾಜಿಕ ಕಾರಣವೂ ಇರಬೇಕೆಂದು ಸಂಶೋಧಕರು ತಿಳಿದರು. ನನಗೂ ಅದು ಖರೆ ಅನಿಸುತ್ತದೆ. ಓಣಿ ಬರಿದಾದ ಮೇಲೆ ಹಬ್ಬಕ್ಕೆ ಯಾರು, ಹೆಣ್ಣು ಕೊಡುವವರು ಯಾರು, ಹೆಣ ಹೊರುವವರು ಯಾರು? ಈ ಚಿಂತೆ ಆ ಪ್ರೋಗ್ರಾಮಿನ ಒಕ್ಕಲಿಗೆ ಇರಲಿಲ್ಲ.

ಹೋದವರು ಅಳಿದುಹೋಗಲಿಲ್ಲ. ಹೋಪಿ ಮೊದಲಾದ ಪ್ಯೂಬ್ಲೋ ಜನ ಅವರ ವಂಶದವರೇ. ನಮ್ಮ ಊರುಗಳ ಇತಿಹಾಸ ಬರೆಯುವವರು ಮೊದಲು ಮಳೆಯ ಲೆಕ್ಕ ಬರೆದಿಡಲಿ. ಆಮೇಲೆ ಹೋದವರ ಮನೆಗೂ ಹೋಗಿ, ಯಾಕ ಹೋದ್ರಿ ಅಂತ ಕೇಳಿ ಬರಲಿ.