ಗರ್ಭಿಣಿಯರೇ, ಚಳಿಗೆ ಮೂಲೆ ಹಿಡಿಯಬೇಡಿ

ಕಣೇಕಲ್ಲು: ಡಿಸೆಂಬರ್, ಜನವರಿ ಬಂತೆಂದರೆ ಹಗರಿ ದಂಡೆಯ ಊರುಗಳಲ್ಲಿ ಬೆಳಗಿನ ಚಳಿ ಜೋರು. ಗರ್ಭಿಣಿಯರು ಕಂಬಳಿ ಹೊದ್ದು ಕೂತುಬಿಡುತ್ತಾರೆ. ವೈದ್ಯರು ಬೇಡ ಎನ್ನದಿದ್ದರೆ ದಿನಕ್ಕೆ ಅರ್ಧ ಗಂಟೆ ನಡೆಯುವುದು ತಾಯಿ, ಮಗು ಇಬ್ಬರಿಗೂ ಒಳ್ಳೆಯದು.

ನಡಿಗೆ: ಬಿಸಿಲು ಬಂದ ಮೇಲೆ ಸಮತಟ್ಟಾದ ದಾರಿಯಲ್ಲಿ ನಡೆಯಿರಿ. ಮಾತಾಡಲಾಗದಷ್ಟು ದಮ್ಮು ಬಂದರೆ ನಿಲ್ಲಿಸಿ.

ನೀರು: ಬಾಯಾರಿಕೆ ಆಗದಿದ್ದರೂ ಆಗಾಗ ಕುಡಿಯಿರಿ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಕಾಡಬಹುದು.

ಊಟ: ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆ, ಶೇಂಗಾ ಇರಲಿ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ. ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಕೆಂಡ: ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಇಬ್ಬರ ಪ್ರಾಣಕ್ಕೂ ಅಪಾಯ. ಬೆಚ್ಚನೆಯ ಬಟ್ಟೆ, ಕಾಲುಚೀಲ ಸಾಕು.

ತಪಾಸಣೆ: ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ, ನಾಲ್ಕನೇ ತಿಂಗಳಿನಿಂದ ಉಚಿತ ತಪಾಸಣೆ ನಡೆಯುತ್ತಿದೆ. ಚಳಿಯೆಂದು ತಪ್ಪಿಸಬೇಡಿ.

ಹೆರಿಗೆಗೆ ಬಳ್ಳಾರಿ ಕಡೆಯ ತವರಿಗೆ ಹೋಗುವವರು ತಾಯಿ ಕಾರ್ಡು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಚೀಟಿಗಳನ್ನು ಮರೆಯದೆ ಒಯ್ಯಿರಿ. ಅಲ್ಲಿನ ವೈದ್ಯರಿಗೆ ನಿಮ್ಮ ಹಿಂದಿನ ಸ್ಥಿತಿ ತಿಳಿಯುವುದು ಅದರಿಂದಲೇ.

ರಕ್ತಸ್ರಾವ, ನೀರು ಹೋಗುವುದು, ಜ್ವರ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು - ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಗಡಿಯ ಆಚೆಯಿರಲಿ, ಈಚೆಯಿರಲಿ, 108ಕ್ಕೆ ಫೋನ್ ಮಾಡಿ.