ಬಳಪದ ಕಲ್ಲಿನೆದುರು ಫಾಸ್ಟ್ ಲೆನ್ಸ್: ಹಾಸನ ಸೀಮೆಯ ಶಿಲ್ಪಚಿತ್ರಣದ ಒಂದು ಎಳೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಹೊಯ್ಸಳರ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯನ್ನು ಇಬ್ಬರು ರೂವಾರಿಗಳು ಹಂಚಿಕೊಂಡಿದ್ದರು. ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಯಾರ ಉಳಿ ಎಲ್ಲಿ ಆಡಿದೆ ಎಂದು ತೌಲನಿಕವಾಗಿ ನೋಡಲು ಒಡವೆಯ ಮಣಿ, ಬೆರಳ ತುದಿ, ಕಿರೀಟದ ಕುಸುರಿ ಕಾಣಬೇಕು. ಇಡೀ ಗೋಡೆಯ ಚಿತ್ರದಿಂದ ಆ ಕೆಲಸ ಆಗದು. ಕ್ಯಾಮರಾ ಕಲ್ಲಿನ ಹತ್ತಿರ ಹೋಗಲೇಬೇಕು. ಹತ್ತಿರ ಹೋದೊಡನೆ ಲೆನ್ಸಿನ ಬಣ್ಣ ಬಯಲಾಗುತ್ತದೆ.

50 ಮಿ.ಮೀ., ಎಫ್ 1.4ರ ಪ್ರೈಮ್ ಲೆನ್ಸನ್ನೇ ತೆಗೆದುಕೊಳ್ಳಿ. ಐದು ಮೀಟರ್ ದೂರದಲ್ಲಿ, ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, ಪೂರ್ತಿ ತೆರೆದರೂ, ಸುಮಾರು 80 ಸೆಂ.ಮೀ. ಆಳದವರೆಗೆ ಚಿತ್ರ ಸ್ಪಷ್ಟವೆನ್ನಬಹುದು. ಅದೇ ಲೆನ್ಸನ್ನು 45 ಸೆಂ.ಮೀ.ಗೆ ತಂದರೆ ಆ ಆಳ ಸುಮಾರು 4.5 ಮಿಲಿಮೀಟರಿಗೆ ಇಳಿಯುತ್ತದೆ. ಹೊಯ್ಸಳ ವಿಗ್ರಹದ ಮೂಗಿನ ತುದಿ ಚೂಪಾಗಿದ್ದರೆ ಕಿವಿಯ ಓಲೆ ಮಸುಕು. ಎಫ್ 8ಕ್ಕೆ ಮುಚ್ಚಿದರೂ ಸಿಗುವುದು 26 ಮಿ.ಮೀ. ಆಸುಪಾಸು.

ಇದು ಬರೀ ರೇಖಾಗಣಿತದ ಲೆಕ್ಕ. ಎಂಥ ದುಬಾರಿ ಲೆನ್ಸಿಗೂ ಇದರಿಂದ ವಿನಾಯಿತಿಯಿಲ್ಲ. ಸ್ಪಷ್ಟವಾಗಿರಬೇಕಾದ ಆ ನಾಲ್ಕೂವರೆ ಮಿಲಿಮೀಟರ್ ಕೂಡ ಮಂಜುಮಂಜಾಗುವುದೇಕೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೊಂದು ಚರಿತ್ರೆಯಿದೆ.

ಹಾಸನ ಸೀಮೆಯ ಶಿಲ್ಪಗಳು ಕ್ಯಾಮರಾಕ್ಕೆ ಸಿಕ್ಕಿದ್ದು 1850ರ ದಶಕದಲ್ಲಿ. ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ಗುಡಿಯ ಛಾಯಾಚಿತ್ರಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದ. ಅದೇ ದಶಕದಲ್ಲಿ ಮದರಾಸು ಸೇನೆಯ ವೈದ್ಯ ಎ.ಸಿ.ಬಿ. ನೀಲ್ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರಹಗಳ ಜೊತೆ 1866ರ ಧಾರವಾಡ–ಮೈಸೂರು ವಾಸ್ತುಶಿಲ್ಪ ಸಂಪುಟದಲ್ಲಿ ಅಚ್ಚಾದವು. ಜೋಸೆಫ್ ಪೆಟ್ಸ್‌ವಾಲ್ 1840ರಲ್ಲೇ ಎಫ್ 3.6ರ ಆಸುಪಾಸಿನ ಲೆನ್ಸ್ ರೂಪಿಸಿದ್ದ. ಆ ಕಾಲಕ್ಕೆ ಅದು ಅತಿವೇಗದ್ದು, ಅಂದರೆ ಹೆಚ್ಚು ಬೆಳಕನ್ನು ಒಳಬಿಡುವಂಥದ್ದು. ಆದರೆ ಅದು ಮನುಷ್ಯರ ಮುಖಕ್ಕಾಗಿ ಹುಟ್ಟಿದ್ದು: ನಡುಭಾಗ ಚೂಪು, ಅಂಚುಗಳು ಸಡಿಲ. ಬಿಸಿಲಿಗೆ ಮೈಯೊಡ್ಡಿ ನಿಂತ ಗೋಡೆಗೆ ವೇಗ ಬೇಕಿರಲಿಲ್ಲ. ಕಲ್ಲು ಅಲುಗಾಡುವುದಿಲ್ಲವಲ್ಲ!

ಶಿಲ್ಪದ ಜೊತೆಗೆ ಕಲ್ಲಿನ ಮೇಲಿನ ಬರಹವನ್ನೂ ಹಿಡಿಯಬೇಕಿತ್ತು. ಶಾಸನತಜ್ಞ ಬಿ.ಎಲ್. ರೈಸ್ 1902ರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಕೂಡಿಸಿದ. ಶ್ರವಣಬೆಳಗೊಳಕ್ಕೆ ಅದಕ್ಕೂ ಮುಂಚೆ, 1889ರಲ್ಲೇ, ಪ್ರತ್ಯೇಕ ಸಂಪುಟ ಬಂದಿತ್ತು. ಅದರಲ್ಲಿದ್ದ 144 ಶಾಸನಗಳು ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣೆಯಲ್ಲಿ 500 ಆದವು. ಶಾಸನತಜ್ಞರು ಅಕ್ಷರಕ್ಕಾಗಿ ನೆಚ್ಚಿಕೊಂಡದ್ದು ಹೆಚ್ಚಾಗಿ ಪಡಿಯಚ್ಚನ್ನು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಲೇಪಿಸಿ ತೆಗೆಯುವ ಆ ಪ್ರತಿಯಲ್ಲಿ ಲೆನ್ಸೇ ಇಲ್ಲ, ಹಾಗಾಗಿ ಲೆನ್ಸಿನ ದೋಷವೂ ಇಲ್ಲ.

ಲೆನ್ಸಿನಿಂದಲೇ ಅಕ್ಷರ ಹಿಡಿಯಬೇಕೆಂಬ ಹಟ ಜಪಾನಿನಲ್ಲಿ ಫಲ ಕೊಟ್ಟಿತು. ಒತ್ತೊತ್ತಾದ ಗೆರೆಗಳ ಕಾಂಜಿ ಲಿಪಿ ಮೈಕ್ರೋಫಿಲ್ಮಿಗೆ ಇಳಿದಾಗ ಕಲಸಿಹೋಗುತ್ತಿತ್ತು. 1956ರಲ್ಲಿ ನಿಕಾನ್ ಕಂಪನಿ 5 ಸೆಂ.ಮೀ., ಎಫ್ 3.5ರ ಮೈಕ್ರೋ ನಿಕ್ಕೋರ್ ತಂದಿತು. ಗಮನಿಸಬೇಕಾದ್ದು ಆ 3.5. ಆಗಲೇ ಮಾರುಕಟ್ಟೆಯಲ್ಲಿ ಎಫ್ 1.4ರ ಲೆನ್ಸುಗಳಿದ್ದವು, ಹತ್ತಿರದ ಚೂಪಿಗಾಗಿ ವೇಗವನ್ನು ಬೇಕೆಂದೇ ಬಿಟ್ಟುಕೊಟ್ಟಿದ್ದರು.

ಕಾರಣ ಗೋಳೀಯ ವಿಪಥನ. ಗಾಜಿನ ಅಂಚಿನಿಂದ ಬರುವ ಕಿರಣಗಳು ನಡುವಿನ ಕಿರಣಗಳು ಸೇರುವಲ್ಲೇ ಸೇರುವುದಿಲ್ಲ. ಸರಳ ಸಿದ್ಧಾಂತದ ಪ್ರಕಾರ ಇದರ ಮಸುಕು ಅಪರ್ಚರ್ ವ್ಯಾಸದ ಘನಕ್ಕೆ ಅನುಗುಣ: ಎಫ್ 1.4ರಿಂದ 2.8ಕ್ಕೆ ಮುಚ್ಚಿದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸಾಮಾನ್ಯ ಪ್ರೈಮ್ ಲೆನ್ಸುಗಳಲ್ಲಿ ಈ ದೋಷವನ್ನು ತಿದ್ದಿರುವುದು ದೂರದ ದೃಶ್ಯಕ್ಕೆ ಹೊಂದುವಂತೆ. ಫೋಕಸ್ ಮಾಡಲು ಇಡೀ ಗಾಜಿನ ಜೋಡಣೆಯನ್ನು ಹಾಗೆಯೇ ಮುಂದಕ್ಕೆ ತಳ್ಳಿದಾಗ ಕಿರಣಗಳು ಒಳಬರುವ ಕೋನ ಬದಲಾಗಿ ಆ ತಿದ್ದುಪಡಿ ತಪ್ಪುತ್ತದೆ. ಮೇಲಾಗಿ, ಅಂಥ ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಮುಚ್ಚಿದಂತೆ ಫೋಕಸ್ ತಾನೇ ಹಿಂದಕ್ಕೆ ಸರಿಯುತ್ತದೆ. ವಿಗ್ರಹದ ಕಣ್ಣಿಗೆ ಹಿಡಿದ ಫೋಕಸ್ ಕಿವಿಯ ಮೇಲೆ ಹೋಗಿ ಕೂತಿರುತ್ತದೆ, ಬೈಗುಳ ಮಾತ್ರ ಛಾಯಾಗ್ರಾಹಕನಿಗೆ.

ಒಳಗಿನ ಗಾಜುಗಳ ನಡುವಿನ ಅಂತರವನ್ನೇ ಫೋಕಸಿನೊಂದಿಗೆ ಬದಲಿಸುವುದು ಇದಕ್ಕೆ ಸಿಕ್ಕ ಉಪಾಯ. ನಿಕಾನ್ 1967ರಲ್ಲಿ 24 ಮಿ.ಮೀ., ಎಫ್ 2.8ರ ಲೆನ್ಸಿನಲ್ಲಿ ಇದನ್ನು ಅಳವಡಿಸಿತು. ಇಂದಿನ ಮಿರರ್‌ಲೆಸ್ ಕ್ಯಾಮರಾಗಳ ಹಲವು ಲೆನ್ಸುಗಳಲ್ಲಿ ಎರಡು ಗಾಜಿನ ಗುಂಪುಗಳು ಬೇರೆಬೇರೆ ಮೋಟಾರಿನಿಂದ ಚಲಿಸುತ್ತವೆ. ಗಾಜಿನ ಗುಣಮಟ್ಟಕ್ಕಿಂತ ಈ ಚಲನೆಯೇ ಹತ್ತಿರದ ಚಿತ್ರಗಳನ್ನು ಹೆಚ್ಚು ಸುಧಾರಿಸಿದೆ ಎನ್ನಬೇಕು.

ಹಾಗಿದ್ದರೂ ಗುಡಿಗಳಿಗೆ ಹೋಗುವವರು ಎಫ್ 1.4 ಹಿಡಿದೇ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಹನ್ನೆರಡನೆಯ ಶತಮಾನದ ಆರಂಭದ್ದು, ನಾಲ್ಕು ಗರ್ಭಗುಡಿಗಳದ್ದು. ನರಸಿಂಹಾಚಾರ್ಯರು 1919ರಲ್ಲಿ ಅದರ ಮೇಲೊಂದು ಕಿರುಗ್ರಂಥ ಬರೆದಿದ್ದಾರೆ. ಕಾಳಿಯ ಗುಡಿಯ ಇಕ್ಕೆಲಗಳಲ್ಲಿ ನಿಂತ ಬೇತಾಳಗಳ ಪಕ್ಕೆಲುಬು ಎಣಿಸಲು ಕಣ್ಣು ಕತ್ತಲೆಗೆ ಹೊಂದುವ ತನಕ ಕಾಯಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಟ್ರೈಪಾಡ್ ಊರಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಎಫ್ 1.4ರಲ್ಲಿ ಸೆಕೆಂಡಿನ 60ನೇ ಒಂದು ಭಾಗ ಸಾಕಾಗುವ ಬೆಳಕಿಗೆ ಎಫ್ 8ರಲ್ಲಿ ಅರ್ಧ ಸೆಕೆಂಡು ಬೇಕು. ಬರಿಗೈಯಲ್ಲಿ ಅಷ್ಟು ಹೊತ್ತು ಅಲುಗದೆ ಹಿಡಿಯುವುದು ಕಷ್ಟ. ಅನುಮತಿಪತ್ರ ಕೈಗೆ ಬಂದವರು ಟ್ರೈಪಾಡ್ ಮೇಲೆ ಮ್ಯಾಕ್ರೋ ಲೆನ್ಸ್ ಕೂರಿಸಿ, ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಅವನ್ನು ಒಂದಾಗಿ ಬೆಸೆಯುತ್ತಾರೆ.