ಬೋಧಕನ ಮೊದಲ ವರ್ಷ: ಐಟಿಐ ಶಿಕ್ಷಕರ ತರಬೇತಿಯ ಚರಿತ್ರೆ

ಪೀಠಿಕೆ

ಐಟಿಐಗೆ ಹೊಸದಾಗಿ ಬರುವ ಬೋಧಕನಿಗೆ ಎರಡು ವಿದ್ಯೆ ಗೊತ್ತಿರಬೇಕು: ಒಂದು ಕಸುಬು, ಇನ್ನೊಂದು ಅದನ್ನು ಕಲಿಸುವ ಬಗೆ. ಅರ ಹಿಡಿದು ವರ್ಷಗಟ್ಟಲೆ ಪಳಗಿದ ಫಿಟ್ಟರ್‌ಗೆ ಕೈ ತಾನಾಗಿಯೇ ಓಡುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗರ ಮುಂದೆ ನಿಂತಾಗ ಮಾತ್ರ ಆ ಓಟವನ್ನು ನಿಲ್ಲಿಸಿ, ಬಿಡಿಸಿ, ಒಂದೊಂದಾಗಿ ತೋರಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಈ ಹುದ್ದೆಗೆ ಕಿರಿಯ ತರಬೇತಿ ಅಧಿಕಾರಿ, ಅಂದರೆ ಜೆಟಿಒ ಎಂದು ಹೆಸರು. ಪಾಠ ಮಾಡುವುದರ ಜೊತೆಗೆ ಕಚ್ಚಾ ಸಾಮಗ್ರಿಗೆ ಇಂಡೆಂಟ್ ಹಾಕುವುದು, ಸ್ಟಾಕ್ ರಿಜಿಸ್ಟರ್ ಬರೆಯುವುದು, ಹುಡುಗರು ಮಾಡಿದ ಜಾಬ್‌ಗೆ ಅಂಕ ಕೊಡುವುದು, ಯಂತ್ರದ ಬಳಿ ಯಾರ ಬೆರಳಿಗೂ ಗಾಯವಾಗದಂತೆ ಕಣ್ಣಿಡುವುದು ಎಲ್ಲವೂ ಮೊದಲ ವಾರದಿಂದಲೇ ಅವನ ಹೊಣೆ.

ಭಾರತದಲ್ಲಿ ಇಂಥ ಬೋಧಕರನ್ನು ತಯಾರು ಮಾಡುವ ವ್ಯವಸ್ಥೆ ಹೇಗೆ ಬೆಳೆಯಿತು ಎಂಬುದು ಈ ಲೇಖನದ ವಿಷಯ. ಬೋಧಕನಿಗೆ ಪ್ರಮಾಣಪತ್ರ ಕೊಡುವ ಏರ್ಪಾಡು ಇಲ್ಲಿ ಬಹು ಬೇಗ ರೂಪುಗೊಂಡಿತು. ಆದರೆ ಅವನು ವರ್ಕ್‌ಶಾಪಿನಲ್ಲಿ ಕಳೆಯುವ ಮೊದಲ ವರ್ಷದ ಹೊಣೆ ಯಾವ ಸಂಸ್ಥೆಗೂ ಸೇರಲಿಲ್ಲ. ಇದನ್ನು ಉದಾಸೀನದ ಫಲ ಎನ್ನುವುದಕ್ಕಿಂತ 1950ರ ದಶಕದ ಅಧಿಕಾರ ಹಂಚಿಕೆಯ ಪರಿಣಾಮ ಎಂದು ನೋಡುವುದು ಸರಿ ಎಂಬುದು ಇಲ್ಲಿನ ವಾದ.

ಯುದ್ಧ ಕಲಿಸಿದ ಕ್ರಮ

ಕಸುಬುದಾರನನ್ನು ಬೋಧಕನನ್ನಾಗಿ ಮಾಡುವ ಆಧುನಿಕ ಕ್ರಮ ಯುದ್ಧಕಾಲದ ಅವಸರದಲ್ಲಿ ಹುಟ್ಟಿದ್ದು. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಇಳಿದ ಅಮೆರಿಕಕ್ಕೆ ಹಡಗು ಕಟ್ಟುವ ಕೆಲಸಗಾರರು ಸಾವಿರಗಟ್ಟಲೆ ಬೇಕಾದರು. ಅವರಿಗೆ ಕಲಿಸಲು ಹಡಗುಕಟ್ಟೆಯ ಅನುಭವಿ ಕೆಲಸಗಾರರನ್ನೇ ಅಣಿಗೊಳಿಸಲಾಯಿತು. ಈ ಕೆಲಸದಲ್ಲಿ ತೊಡಗಿದ್ದ ಚಾರ್ಲ್ಸ್ ಆರ್. ಆಲನ್ 1919ರಲ್ಲಿ ಬೋಧಕರಿಗಾಗಿ ಒಂದು ಕೈಪಿಡಿ ಪ್ರಕಟಿಸಿದರು. ಪಾಠಕ್ಕೆ ನಾಲ್ಕು ಹೆಜ್ಜೆ ಎಂಬುದು ಅದರ ತಿರುಳು: ಕಲಿಯುವವನ ಮನಸ್ಸನ್ನು ಸಿದ್ಧಗೊಳಿಸುವುದು, ಹೊಸದನ್ನು ತೋರಿಸುವುದು, ಅವನ ಕೈಯಲ್ಲೇ ಮಾಡಿಸುವುದು, ಕಲಿತನೇ ಎಂದು ಪರೀಕ್ಷಿಸುವುದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದೇ ಕ್ರಮ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮವಾಗಿ ಕಾರ್ಖಾನೆಗಳನ್ನು ಹೊಕ್ಕಿತು. ಫೋರ್‌ಮನ್‌ಗಳಿಗೆ ಕಾರ್ಖಾನೆಯಲ್ಲೇ ಎರಡೆರಡು ಗಂಟೆಯ ಐದು ಪಾಠ. ಆಲನ್ ಅವರ ನಾಲ್ಕನೆಯ ಹೆಜ್ಜೆ ಪರೀಕ್ಷೆಯಾಗಿತ್ತು. ಇಲ್ಲಿ ಅದು ಬೆನ್ನುಬಿಡದೆ ನೋಡಿಕೊಳ್ಳುವುದಾಯಿತು. ಕೆಲಸಕ್ಕೆ ಹಚ್ಚಿದ ಮೇಲೆ ಮತ್ತೆ ಮತ್ತೆ ಬಳಿ ಹೋಗಿ ನೋಡು, ಪ್ರಶ್ನೆ ಕೇಳಲು ಬಿಡು, ಕ್ರಮೇಣ ಕೈಬಿಡು ಎಂಬುದು ಅದರ ಸೂತ್ರ.

ಭಾರತದಲ್ಲಿಯೂ ಯುದ್ಧವೇ ಮೊದಲ ಪ್ರೇರಣೆ. 1940ರಲ್ಲಿ ತಾಂತ್ರಿಕ ಕೆಲಸಗಾರರನ್ನು ತಯಾರು ಮಾಡುವ ಸರ್ಕಾರಿ ಯೋಜನೆ ಆರಂಭವಾಯಿತು. 1941ರಿಂದ ಭಾರತೀಯ ಯುವಕರು ತರಬೇತಿಗಾಗಿ ಬ್ರಿಟನ್ನಿಗೂ ಹೋದರು. ಅಲ್ಲಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಅವರ ಹೆಸರಿನಿಂದ ಅವರನ್ನು ಬೆವಿನ್ ಟ್ರೇನಿಗಳು ಎಂದು ಕರೆಯುತ್ತಿದ್ದರು. ಸೈನ್ಯದಿಂದ ಬಿಡುಗಡೆಯಾದವರಿಗೆ ಬದುಕು ಕಟ್ಟಿಕೊಡಲು 1945ರಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ರೂಪುಗೊಂಡಿತು. ದೇಶ ವಿಭಜನೆಯಾದಾಗ ನಿರಾಶ್ರಿತರ ತರಬೇತಿಯೂ ಅದರ ಪಾಲಿಗೆ ಬಂತು. ಬೋಧಕರಿಗೆಂದೇ ಮೀಸಲಾದ ಮೊದಲ ಸಂಸ್ಥೆ ಬಿಲಾಸ್‌ಪುರದ ಬಳಿಯ ಕೋನಿಯಲ್ಲಿ 1948ರಲ್ಲಿ ತೆರೆಯಿತು. ಕುಶಲಕರ್ಮಿಗಳ ತರಬೇತಿ ಯೋಜನೆ 50ರಷ್ಟು ಐಟಿಐಗಳೊಂದಿಗೆ ಆರಂಭವಾದದ್ದು 1950ರಲ್ಲಿ. ಎಂದರೆ ಐಟಿಐಗಿಂತ ಅದರ ಬೋಧಕರ ಶಾಲೆಯೇ ಎರಡು ವರ್ಷ ಹಿರಿಯದು. ಕಲಿಸುವವರಿಗೆ ಮೊದಲು ಕಲಿಸಬೇಕೆಂಬ ವಿವೇಕ ಆ ಪೀಳಿಗೆಗೆ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶಿವರಾವ್ ಸಮಿತಿ ಎಳೆದ ಗೆರೆ

1952ರಲ್ಲಿ ಕೇಂದ್ರ ಸರ್ಕಾರ ತರಬೇತಿ ಮತ್ತು ಉದ್ಯೋಗ ಸೇವೆಗಳ ಪರಿಶೀಲನೆಗೆ ಒಂದು ಸಮಿತಿ ನೇಮಿಸಿತು. ಮಂಗಳೂರಿನಲ್ಲಿ ಹುಟ್ಟಿದ, ಸಂವಿಧಾನ ಸಭೆಯ ಸದಸ್ಯರಾಗಿದ್ದ ಪತ್ರಕರ್ತ ಬೆನಗಲ್ ಶಿವರಾವ್ ಅದರ ಅಧ್ಯಕ್ಷರು. 1954ರಲ್ಲಿ ಬಂದ ವರದಿಯ ಮುಖ್ಯ ಶಿಫಾರಸಿನಂತೆ 1956ರ ನವೆಂಬರ್ 1ರಂದು ಐಟಿಐಗಳ ದೈನಂದಿನ ಆಡಳಿತ ರಾಜ್ಯಗಳ ಕೈಗೆ ಬಂತು. ವಿಶಾಲ ಮೈಸೂರು ರಾಜ್ಯ ಉದಯಿಸಿದ ದಿನವೂ ಅದೇ. ನೀತಿ, ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರಗಳ ಜೊತೆ ಬೋಧಕರ ತರಬೇತಿಯೂ ಕೇಂದ್ರದಲ್ಲೇ ಉಳಿಯಿತು. ದೇಶಕ್ಕೆಲ್ಲ ಒಂದೇ ಮಟ್ಟ ಕಾಯಲು ಅದೇ ವರ್ಷ ವೃತ್ತಿ ತರಬೇತಿಯ ರಾಷ್ಟ್ರೀಯ ಪರಿಷತ್ತೂ ಸ್ಥಾಪನೆಯಾಯಿತು.

ಆಡಳಿತದ ದೃಷ್ಟಿಯಿಂದ ಈ ಹಂಚಿಕೆಗೆ ತರ್ಕವಿತ್ತು. ಸ್ಥಳೀಯ ಕೈಗಾರಿಕೆಗೆ ಯಾವ ಟ್ರೇಡ್ ಬೇಕೆಂದು ರಾಜ್ಯಕ್ಕೆ ಹೆಚ್ಚು ಗೊತ್ತು. ಬೆಂಗಳೂರಿನ ಟರ್ನರ್‌ನ ಪ್ರಮಾಣಪತ್ರ ಕಾನ್ಪುರದಲ್ಲೂ ಚಲಾವಣೆಯಾಗಬೇಕಾದರೆ ಮಟ್ಟ ಕೇಂದ್ರದ್ದಿರಬೇಕು. ಆದರೆ ಬೋಧಕನ ವಿಷಯದಲ್ಲಿ ಇದರಿಂದ ಒಂದು ಬಿರುಕು ಬಿತ್ತು. ಅವನನ್ನು ನೇಮಿಸಿ ಸಂಬಳ ಕೊಡುವುದು ರಾಜ್ಯ, ಅವನಿಗೆ ಕಲಿಸುವುದನ್ನು ಕಲಿಸುವುದು ಕೇಂದ್ರ. ತರಬೇತಿ ಕೊಟ್ಟ ಸಂಸ್ಥೆಗೆ ಅವನು ಎಲ್ಲಿ, ಯಾವ ಯಂತ್ರದ ಮುಂದೆ ನಿಂತಿದ್ದಾನೆಂದು ತಿಳಿಯುವ ದಾರಿಯಿಲ್ಲ. ನೇಮಿಸಿದ ಇಲಾಖೆಗೆ ಅವನ ಪಾಠ ತಿದ್ದುವ ಹೊಣೆಯಿಲ್ಲ. ಹಾಗಾಗಿ ಮೊದಲ ವರ್ಷ ಇಬ್ಬರ ಕೈಯಿಂದಲೂ ಜಾರಿ ನಡುವೆ ಬಿತ್ತು.

ಏಳು ಸಂಸ್ಥೆಗಳು, ಒಂದು ಪಾಠಕ್ರಮ

1960ರ ದಶಕದಲ್ಲಿ ಲೂಧಿಯಾನ, ಕಾನ್ಪುರ, ಹೌರಾ, ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿ ಇನ್ನೂ ಆರು ಕೇಂದ್ರ ತರಬೇತಿ ಸಂಸ್ಥೆಗಳು ಬಂದವು. ಇವತ್ತು ಅವು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಎಂಬ ಹೆಸರಿನಲ್ಲಿವೆ. ಅಲ್ಲಿನ ಬೋಧಕ ತರಬೇತಿಯಲ್ಲಿ ಕಸುಬಿನ ಕೈಚಳಕವನ್ನು ಮತ್ತೊಮ್ಮೆ ಸಾಣೆಗೆ ಕೊಡುತ್ತಾರೆ. ಜೊತೆಗೆ ‘ಪ್ರಿನ್ಸಿಪಲ್ಸ್ ಆಫ್ ಟೀಚಿಂಗ್’ ಎಂಬ ವಿಷಯದಲ್ಲಿ ಲೆಸನ್ ಪ್ಲಾನ್, ಡೆಮಾನ್‌ಸ್ಟ್ರೇಷನ್ ಪ್ಲಾನ್ ಬರೆಯಲು ಕಲಿಸಿ, ಸಹಪಾಠಿಗಳ ಮುಂದೆ ಪಾಠ ಮಾಡಿಸುತ್ತಾರೆ. ಪಾಠದ ಚೌಕಟ್ಟು ಮತ್ತದೇ ಆಲನ್ ಅವರ ನಾಲ್ಕು ಹೆಜ್ಜೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರು 1950ರ ದಶಕದಲ್ಲೇ ಅದರ ಕಾರ್ಖಾನೆ ರೂಪವನ್ನು ಭಾರತದ ಉದ್ದಿಮೆಗಳಿಗೂ ಪರಿಚಯಿಸಿದ್ದರು.

ಇಲ್ಲಿ ಕುತೂಹಲದ ಸಂಗತಿಯೊಂದಿದೆ. ಬೋಧಕನು ತನ್ನ ವಿದ್ಯಾರ್ಥಿಗೆ ನಾಲ್ಕೂ ಹೆಜ್ಜೆ ಹಾಕಿಸಬೇಕೆಂದು ಕಲಿಯುತ್ತಾನೆ. ಆದರೆ ಸ್ವತಃ ಬೋಧಕನಾಗುವ ವಿದ್ಯೆಯಲ್ಲಿ ಅವನಿಗೆ ಸಿಗುವುದು ತರಬೇತಿ ಸಂಸ್ಥೆಯೊಳಗೆ ಮುಗಿಯುವ ಸಿದ್ಧತೆ, ನಿರೂಪಣೆ, ಅಭ್ಯಾಸ, ಪರೀಕ್ಷೆ. ಕಾರ್ಖಾನೆ ರೂಪದಲ್ಲಿದ್ದ, ಕೆಲಸದ ಜಾಗದಲ್ಲೇ ಬೆನ್ನುಬಿಡದೆ ನೋಡಿಕೊಳ್ಳುವ ಹೆಜ್ಜೆ ಅವನ ಪಾಲಿಗೆ ಬರಲೇ ಇಲ್ಲ.

ಪರಿಣತಿಯ ಕವಲುಗಳು

ಮುಂದಿನ ಎರಡು ದಶಕಗಳಲ್ಲಿ ಹೊಸ ಸಂಸ್ಥೆಗಳು ಒಂದರ ಹಿಂದೊಂದು ಬಂದವು. ತರಬೇತಿ ಆಡಳಿತಗಾರರ ಶಿಕ್ಷಣಕ್ಕೂ ಸಂಶೋಧನೆಗೂ ಕೋಲ್ಕತ್ತದ ಸಂಸ್ಥೆ 1968ರಲ್ಲಿ, ಫೋರ್‌ಮನ್‌ಗಳಿಗಾಗಿ ಬೆಂಗಳೂರಿನ ತುಮಕೂರು ರಸ್ತೆಯ ಸಂಸ್ಥೆ 1971ರಲ್ಲಿ ಹುಟ್ಟಿದವು. ಎರಡಕ್ಕೂ ಪಶ್ಚಿಮ ಜರ್ಮನಿಯ ನೆರವಿತ್ತು. ಸ್ವೀಡನ್ನಿನ ನೆರವಿನೊಂದಿಗೆ 1977ರಲ್ಲಿ ಆರಂಭವಾದ ಮಹಿಳಾ ತರಬೇತಿ ಯೋಜನೆಯ ಪ್ರಾದೇಶಿಕ ಸಂಸ್ಥೆಯೊಂದು ಬೆಂಗಳೂರಿಗೂ ಬಂತು. ಬೋಧನಾ ಸಾಮಗ್ರಿ ಸಿದ್ಧಪಡಿಸಲು 1986ರಲ್ಲಿ ಚೆನ್ನೈನಲ್ಲಿ ಮತ್ತೊಂದು ಸಂಸ್ಥೆ ತೆರೆಯಿತು. ಅಲ್ಲಿಂದ ಹೊರಬಂದ ಟ್ರೇಡ್ ಥಿಯರಿ, ಪ್ರಾಕ್ಟಿಕಲ್ ಪುಸ್ತಕಗಳು ಹೊಸ ಬೋಧಕನಿಗೆ ಆಸರೆಯಾದವು.

ಜರ್ಮನಿಯ ಒಡನಾಟ ಇಷ್ಟು ಗಾಢವಾಗಿದ್ದರೂ ಅಲ್ಲಿನ ಒಂದು ರೂಢಿ ಇಲ್ಲಿ ಬೇರೂರಲಿಲ್ಲ. ಅಲ್ಲಿ ವೃತ್ತಿಶಾಲೆಯ ಶಿಕ್ಷಕರಾಗುವವರು ವಿಶ್ವವಿದ್ಯಾಲಯದ ಓದಿನ ಬಳಿಕ ಒಂದೂವರೆಯಿಂದ ಎರಡು ವರ್ಷ ಶಾಲೆಯೊಂದರಲ್ಲಿ ಅನುಭವಿ ಶಿಕ್ಷಕರ ಕಣ್ಣಳತೆಯಲ್ಲಿ ಪಾಠ ಮಾಡಬೇಕು. ಆ ಅವಧಿಯಲ್ಲಿ ತರಬೇತಿ ಕೇಂದ್ರದೊಂದಿಗಿನ ನಂಟೂ ಮುಂದುವರಿಯುತ್ತದೆ. ಕಾರ್ಖಾನೆಯಲ್ಲಿ ಕಲಿಸುವವರ ಅರ್ಹತೆಗೂ 1972ರಲ್ಲೇ ಪ್ರತ್ಯೇಕ ನಿಯಮ ಬಂತು. ನೇಮಿಸುವವರೂ ತರಬೇತಿ ಕೊಡುವವರೂ ಒಟ್ಟಿಗೆ ಹೊಣೆ ಹೊರುವ ಈ ಕ್ರಮಕ್ಕೆ 1956ರ ಹಂಚಿಕೆಯಲ್ಲಿ ಜಾಗವಿರಲಿಲ್ಲ.

ಸಂಖ್ಯೆಯ ಒತ್ತಡ

1980ರಲ್ಲಿ ದೇಶದಲ್ಲಿ ಐಟಿಐಗಳು ಸುಮಾರು 830 ಇದ್ದವು. 1987ಕ್ಕೆ ಅವು 1,900ರ ಹತ್ತಿರ ಬಂದವು. ವಿಶ್ವಬ್ಯಾಂಕ್ ನೆರವಿನ ವೃತ್ತಿ ತರಬೇತಿ ಯೋಜನೆ 1989ರಿಂದ 1998ರವರೆಗೆ ನಡೆಯಿತು. ಖಾಸಗಿ ಸಂಸ್ಥೆಗಳ ಏರಿಕೆಯೊಂದಿಗೆ ಒಟ್ಟು ಸಂಖ್ಯೆ ಕಳೆದ ದಶಕದಲ್ಲಿ 15,000 ದಾಟಿತು. ಕೆಲವೇ ಕೇಂದ್ರ ಸಂಸ್ಥೆಗಳು ಇಷ್ಟು ಬೋಧಕರನ್ನು ತಯಾರು ಮಾಡುವುದು ಸಾಧ್ಯವಿರಲಿಲ್ಲ. ಆದ್ದರಿಂದ ಇತರ ಸಂಸ್ಥೆಗಳಿಗೂ ಬೋಧಕ ತರಬೇತಿಗೆ ಮಾನ್ಯತೆ ಕೊಡಲಾಯಿತು. ಬೋಧಕರ ಕೊರತೆ ಎದ್ದು ಕಾಣುವಾಗ ಇಲಾಖೆಯ ಚಿಂತೆಯೆಲ್ಲ ಖಾಲಿ ಹುದ್ದೆಯ ಸುತ್ತಲೇ. ಸೇರಿದವನು ಹೇಗೆ ಬೆಳೆಯುತ್ತಿದ್ದಾನೆ ಎಂಬ ಪ್ರಶ್ನೆಗೆ ಪುರಸೊತ್ತಿಲ್ಲ. ಬಾಗಿಲು ಅಗಲವಾಯಿತು, ಒಳಗೆ ಕಾಲಿಟ್ಟ ಮೇಲಿನ ಏರ್ಪಾಡು ಹಾಗೇ ಉಳಿಯಿತು.

2014ರ ನವೆಂಬರಿನಲ್ಲಿ ಕೌಶಲ್ಯಕ್ಕೆ ಪ್ರತ್ಯೇಕ ಸಚಿವಾಲಯ ಬಂದು, ಮರುವರ್ಷ ತರಬೇತಿ ವಿಭಾಗ ಕಾರ್ಮಿಕ ಸಚಿವಾಲಯದಿಂದ ಅಲ್ಲಿಗೆ ಹೋಯಿತು. ಕೇಂದ್ರ–ರಾಜ್ಯಗಳ ನಡುವಿನ ಗೆರೆ ಮಾತ್ರ ಅಳಿಸಲಿಲ್ಲ. ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಉನ್ನತೀಕರಿಸಿತು. 2022ರ ಜೂನ್‌ನಲ್ಲಿ ಅವು ಲೋಕಾರ್ಪಣೆಯಾದವು. ಹಳೆಯ ಲೇತ್‌ಗಳ ಪಕ್ಕದಲ್ಲಿ ಹೊಸ ತಲೆಮಾರಿನ ಯಂತ್ರಗಳು ಬಂದು ನಿಂತಾಗ ಇಪ್ಪತ್ತು ವರ್ಷ ಸೇವೆಯಾದ ಬೋಧಕನೂ ಮತ್ತೆ ಹೊಸಬನಾಗುತ್ತಾನೆ. ವೃತ್ತಿಶಾಲೆಯಲ್ಲಿ ಹೊಸ ಬೋಧಕರ ಸೇರ್ಪಡೆ ತರಬೇತಿಯನ್ನೂ ಹಳಬರ ಪುನರ್ ತರಬೇತಿಯನ್ನೂ ಬೇರೆ ಬೇರೆ ಯೋಜನೆಗಳೆಂದು ನೋಡಲಾಗದು ಎನ್ನುವುದಕ್ಕೆ ಇದೇ ಕಾರಣ.

ಸಮಾರೋಪ

ಈ ಚರಿತ್ರೆಯಿಂದ ಶಾಲೆಯ ಮಟ್ಟದ ಯೋಜನೆಗೆ ಮೂರು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಪ್ರಮಾಣಪತ್ರವನ್ನು ತರಬೇತಿಯ ಕೊನೆ ಎಂದು ಎಣಿಸದೆ, ಬೋಧಕ ಸೇರಿದ ಐಟಿಐಯಲ್ಲಿನ ಮೊದಲ ವರ್ಷವನ್ನು ಅದರ ಭಾಗವಾಗಿಸಬೇಕು. ತರಬೇತಿ ಸಂಸ್ಥೆಯವರು ಆ ವರ್ಷ ವರ್ಕ್‌ಶಾಪಿಗೇ ಬಂದು ಪಾಠ ನೋಡಬೇಕು. ಎರಡನೆಯದು, ಅದೇ ಟ್ರೇಡಿನ ಹಿರಿಯರೊಬ್ಬರಿಗೆ ಮಾರ್ಗದರ್ಶನವನ್ನು ಬರೀ ಉಪಕಾರವಾಗಿ ಹೊರಿಸದೆ, ಅದಕ್ಕೆ ವೇಳಾಪಟ್ಟಿಯಲ್ಲಿ ಗಂಟೆಗಳನ್ನು ಬಿಟ್ಟುಕೊಡಬೇಕು. ಹೊಸಬನ ಪಾಠವನ್ನು ಹಿರಿಯರು, ಹಿರಿಯರ ಪಾಠವನ್ನು ಹೊಸಬ ನೋಡುವ ರೂಢಿ ಬೆಳೆಯಬೇಕು. ಇಂಡೆಂಟು, ರಿಜಿಸ್ಟರು, ಸುರಕ್ಷತೆಯ ಪಾಠಗಳೂ ಈ ಜೊತೆಗಾರಿಕೆಯಲ್ಲೇ ನಡೆಯಬೇಕು. ಮೂರನೆಯದು, ಬೋಧಕರು ಆಗಾಗ ಕಾರ್ಖಾನೆಗೆ ಮರಳುವ ಅವಕಾಶ ಸೇವಾ ನಿಯಮದಲ್ಲೇ ಇರಬೇಕು. ಯಂತ್ರ ಬಂದ ಮೇಲೆ ತರಬೇತಿ ಹುಡುಕಿದರೆ ತಡವಾಗುತ್ತದೆ.

ಇವುಗಳಲ್ಲಿ ಎರಡನೆಯದನ್ನು ಪ್ರಾಂಶುಪಾಲರೊಬ್ಬರು ತಮ್ಮ ಮಟ್ಟದಲ್ಲೇ ಆರಂಭಿಸಬಹುದು. ಉಳಿದೆರಡಕ್ಕೆ ಕೇಂದ್ರದ ಸಂಸ್ಥೆಯೂ ರಾಜ್ಯದ ಇಲಾಖೆಯೂ ಒಂದೇ ಬೋಧಕನ ಬಗ್ಗೆ ಒಟ್ಟಿಗೆ ಉತ್ತರ ಹೇಳುವ ಏರ್ಪಾಡು ಬೇಕು. 1956ರ ಹಂಚಿಕೆ ದೇಶಕ್ಕೆ ಒಂದೇ ಮಟ್ಟದ ಪ್ರಮಾಣಪತ್ರ ಕೊಟ್ಟಿತು, ಅದು ಸಣ್ಣ ಸಾಧನೆಯಲ್ಲ. ಆ ಮಟ್ಟ ತರಗತಿಯಲ್ಲೂ ಉಳಿಯಬೇಕಾದರೆ ನೇಮಕಾತಿ ಆದೇಶ ಹೊರಡಿಸುವವರೇ ಮೊದಲ ವರ್ಷದ ಮಾರ್ಗದರ್ಶಕನ ಹೆಸರನ್ನೂ ಅದರಲ್ಲಿ ಬರೆಯಬೇಕು.